ಮಳೆ ಮೊದಲೋ ಸೂರು ಮೊದಲೋ

ಲಿಯೆಪಾಯದ ಬಂದರಿನ ಹಿಂದೆ, ಟ್ರಾಮ್ ತಿರುಗುವ ಮೂಲೆಯಲ್ಲಿ
ಇಲ್ಮಾರ್ಸ್ ಹಗಲೆಲ್ಲ ಹಲ್ಲು ಕಟ್ಟುತ್ತಾನೆ.
ಮೇಣದಲ್ಲಿ ಅಚ್ಚು, ಪಿಂಗಾಣಿಯಲ್ಲಿ ಹೊಳಪು,
ಎರಡು ವರ್ಷದ ಖಾತರಿ, ಕೆಳಗೊಂದು ಸಹಿ.

ರಾತ್ರಿ ಬರೆಯುವುದು ಬೇರೆ:
"ಇದಕ್ಕೆ ಯಾವ ಖಾತರಿಯೂ ಇಲ್ಲ.
ಬೇಕಾದವರು ಬಿಚ್ಚಿ ನೋಡಿ, ತಿದ್ದಿ, ಹಂಚಿ.
ಕೆಟ್ಟರೆ ನನ್ನನ್ನು ಬೈಯಬೇಡಿ."

ಬೈಯುತ್ತಾರೆ. ಹದಿನಾಲ್ಕು ಭಾಷೆಗಳಲ್ಲಿ.

ಏನೋ ಅದು ಕೆಲಸ, ಎಂದಳು ಅಕ್ಕ ಸ್ಕೈದ್ರೀತೆ
ಹೊಗೆ ಹಾಕಿದ ಮೀನಿನ ಮುಳ್ಳು ಬಿಡಿಸುತ್ತ.
ಹೇಳಿದ: ಯಾರೋ ಒಂದು ಆಟ ಮಾಡಿ ಮಾರಿದರು.
ಆಡಿದವರಿಗೆ ಅದು ಸಾಲಲಿಲ್ಲ.
ಒಬ್ಬ ಕುದುರೆಗೆ ಹೊಸ ಬಣ್ಣ ಬಳಿದ,
ಒಬ್ಬಳು ಹೊಳೆಗೆ ಸೇತುವೆ ಕಟ್ಟಿದಳು, ಇನ್ನೊಬ್ಬ
ಕೋಳಿಗಳಿಗೆ ನೆರಳು ಕೊಟ್ಟ, ಅದುವರೆಗೆ ಇರಲಿಲ್ಲವಂತೆ.
ಇಂಥ ಮಾಡ್‌ಗಳು ಮುನ್ನೂರು ಸೇರಿದರೆ
ಒಂದರ ಕಾಲು ಇನ್ನೊಂದರ ತಟ್ಟೆಯಲ್ಲಿ.
ಯಾರ ಪಕ್ಕ ಯಾರು ಎಂದು
ಪಂಕ್ತಿ ಕೂರಿಸುವವನು ನಾನು.

"ಸಂಬಳ?"
ಹೋದ ವರ್ಷ ಯಾರೋ ಕಾಫಿಗೆಂದು ಮೂರು ಯೂರೋ ಕಳಿಸಿದ್ದರು.
ಅಕ್ಕ ಮುಳ್ಳನ್ನು ತಟ್ಟೆಯಂಚಿಗಿಟ್ಟು ಸುಮ್ಮನಾದಳು.

ವಿಂಡೋಸಿಗೆ ಕಿವಿ ಸ್ವಲ್ಪ ಮಂದ.
ದೊಡ್ಡಕ್ಷರದಲ್ಲಿ ಕೂಗಿ, ಚಿಕ್ಕಕ್ಷರದಲ್ಲಿ ಕೂಗಿ,
ಅದೇ ಫೈಲು ಎದ್ದು ಬರುತ್ತದೆ.
ಲಿನಕ್ಸ್ ಹಾಗಲ್ಲ, ಅದು ವ್ಯಾಕರಣದ ಮೇಷ್ಟ್ರು.
'ಟಿ' ಎತ್ತರವಾದರೆ ಒಬ್ಬ, ಗಿಡ್ಡವಾದರೆ ಬೇರೊಬ್ಬ.
ಅಕ್ಷರಕ್ಕೆ ದೊಡ್ಡದು ಚಿಕ್ಕದೇ ಇಲ್ಲದ ಲಿಪಿಯಲ್ಲಿ
ಇದನ್ನು ಬರೆಯುತ್ತಿರುವ ನಾನು ಹೇಗೆ ಹೇಳಲಿ?
ಹೀಗೆನ್ನೋಣ:
'ಆಲು' ಕೊಡಿ ಎಂದರೂ ಹಾಲನ್ನೇ ಅಳೆಯುವ ಅಂಗಡಿ ಒಂದು,
"ಅಂಥದ್ದು ನಮ್ಮಲ್ಲಿಲ್ಲ" ಎಂದು ಕದ ಹಾಕುವ ಅಂಗಡಿ ಇನ್ನೊಂದು.
ಎತ್ತರದ ಒಂದೇ ಒಂದು ಟಿಯಿಂದಾಗಿ
ಆಟದೊಳಗಿನ ಊರೊಂದರ ಗೋಡೆಗಳೆಲ್ಲ
ಮೂರು ವಾರ ನೇರಳೆಯಾಗಿದ್ದವು.

ಹಗಲಿನ ಕಸುಬು ಒಂದು ಕಡೆ ಕೈಹಿಡಿಯಿತು.
ಮೂಲ ಆಟದ ಒಂದು ಫೈಲನ್ನೂ ಅವನು ಮುಟ್ಟುವುದಿಲ್ಲ.
ಗಾಜಿನ ಮೇಲೆ ಗಾಜಿಟ್ಟಂತೆ ಪದರ ಪದರ,
ಮೇಲಿಂದ ನೋಡಿದವರಿಗೆ ಒಂದೇ ಚಿತ್ರ.
ಬೇಡವೆಂದು ಎತ್ತಿಟ್ಟರೆ
ಕೆಳಗೆ ಹಳೆಯ ಆಟ, ಕೊಂಡ ದಿನದ ಹಾಗೆ.
ಕಟ್ಟಿದ ಹಲ್ಲನ್ನು ರಾತ್ರಿ ಲೋಟಕ್ಕೆ ಹಾಕಿದಾಗ
ಒಸಡಿನ ಮೇಲೆ ಒಂದು ಗೀರೂ ಇರಬಾರದು.

ಫೆಬ್ರವರಿಯಲ್ಲಿ ಬಂತು ದೂರು ನಾನೂರ ಹನ್ನೆರಡು.
ಓಸ್ತ್ರಾವಾದ ವ್ಲಾಸ್ತಿಮಿಲ್ ಮಳೆ ಮಾಡಿದ್ದ,
ಹನಿಹನಿಗೂ ಬೇರೆ ಸದ್ದು.
ಬ್ರೆಮೆನ್ನಿನ ಗೆಸೀನೆ ಸೂರು ಮಾಡಿದ್ದಳು,
ಹೆಂಚುಹೆಂಚಿಗೂ ಅದರದೇ ಪಾಚಿ.
ಅವನ ಫೈಲು ಹೇಳುತ್ತದೆ: ನನ್ನನ್ನು ಅವಳ ನಂತರ ಇಡಿ.
ಅವಳದು ಹೇಳುತ್ತದೆ: ನನ್ನನ್ನು ಅವನ ನಂತರ.
ವಿಂಗಡಿಸುವ ಸಾಲುಗಳು ಗಾಣದೆತ್ತಿನಂತೆ ಸುತ್ತಿ ಸುತ್ತಿ
ಫ್ಯಾನು ಚೀರಿತು, ಪರದೆ ಕಪ್ಪಾಯಿತು.

ಇಬ್ಬರಿಗೂ ಬರೆದ.
ಅವನು: "ಕೊನೆಗೆ ಬೀಳುವುದು ಮಳೆಯೇ ಅಲ್ಲವೇ?"
ಅವಳು: "ತಡೆಯದಿದ್ದರೆ ಅದನ್ನು ಸೂರು ಅಂತಾರಾ?"
ಇಬ್ಬರದೂ ಸರಿ. ಅದೇ ಕಷ್ಟ.

ಎರಡು ಭಾನುವಾರ ತಲೆ ಕೆರೆದುಕೊಂಡು
ನಾಣ್ಯ ಚಿಮ್ಮಿದಂಥ ಒಂದು ಸಾಲು ಸೇರಿಸಿದ:
ಸುತ್ತು ಬಿದ್ದರೆ, ಮಾಡಿದವರ ಹೆಸರಿನ ಅಕ್ಷರ ನೋಡು.
ನಮ್ಮ ಕಾಗುಣಿತದಲ್ಲೂ ಅಷ್ಟೇ, ಗ ಮೊದಲು, ವ ಆಮೇಲೆ.
ಸೂರು ಹಾಸಿತು, ಅದರ ಮೇಲೆ ಮಳೆ.
ಎಲ್ಲ ಸರಿಹೋಯಿತು,
ಗಿರಣಿಯವಳ ಮನೆಯೊಂದು ಬಿಟ್ಟು.
ಅಲ್ಲಿ ಒಳಗೂ ಮಳೆ.
ಒಲೆಯ ಮೇಲೆ, ಬೆಕ್ಕಿನ ಮೇಲೆ.
ಅವಳು ಮಾತ್ರ ಹಿಟ್ಟು ಜರಡಿ ಹಿಡಿಯುತ್ತಲೇ ಇದ್ದಾಳೆ.

ಬಿಡುಗಡೆಯ ಟಿಪ್ಪಣಿಯಲ್ಲಿ ಬರೆದ:
"ಗೊತ್ತಿರುವ ದೋಷ. ಮುಂದಿನ ಸಲ."

ಬೆಳಿಗ್ಗೆ ಒಂದು ಪತ್ರ, ಚಿಲಿಯ ಅರೀಕಾದಿಂದ,
ಮರಳು ಸಮುದ್ರಕ್ಕೆ ಬಂದು ಮುಟ್ಟುವ ಊರು.
ಯೆರ್ಕೊ, ವಯಸ್ಸು ಹನ್ನೆರಡು:
"ಗಿರಣಿ ಮನೆ ರಿಪೇರಿ ಮಾಡಬೇಡಿ.
ನಾನು ದಿನಾ ಹೋಗಿ ಅಲ್ಲಿ ನಿಲ್ಲುತ್ತೇನೆ.
ಇನ್ನೊಂದು, ಬೆಕ್ಕು ಒದ್ದೆಯಾಗುತ್ತಿಲ್ಲ. ಅದನ್ನು ನೋಡಿ."

ಇಲ್ಮಾರ್ಸ್ ಎರಡು ಸಲ ಓದಿದ.
ದೂರನ್ನು ಮುಚ್ಚಲಿಲ್ಲ, ಉತ್ತರವನ್ನೂ ಬರೆಯಲಿಲ್ಲ,
ಹೊಸ ಸಂಖ್ಯೆ ಕೊಟ್ಟು 'ಬೆಕ್ಕು' ಎಂದಷ್ಟೇ ಗುರುತು ಹಾಕಿದ.
ಕೋಟಿನ ಜೇಬಿನ ಡಬ್ಬಿಯಲ್ಲಿ ಯಾರದೋ ಎಂಟು ಹಲ್ಲು.
ಹನ್ನೊಂದರೊಳಗೆ ತಲುಪಿಸಬೇಕು,
ಸಂಜೆ ಅವರ ಮೊಮ್ಮಗಳ ಮದುವೆ,
ಟ್ರಾಮ್ ಆಗಲೇ ಮೂಲೆ ತಿರುಗುತ್ತಿದೆ.